ಮಂಜುಗಡ್ಡೆಗೆ ಹೊಡೆದ ಗೂಟ

ಫ್ರಿಜ್ಜಿನಿಂದ ಒಂದು ದಪ್ಪನೆಯ ಐಸ್ ಗಡ್ಡೆ ತೆಗೆದುಕೊಳ್ಳಿ. ಅದರ ನಡುವಿಗೆ ಒಂದು ಮೊಳೆ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿ. ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ. ಗಡ್ಡೆ ಚೂರಾಗಿ ಅಡುಗೆಮನೆ ತುಂಬ ಹಾರುತ್ತೆ, ಮೊಳೆ ನಿಮ್ಮ ಕೈಯಲ್ಲೇ ಉಳಿಯುತ್ತೆ. ಈಗ ಆ ಮೊಳೆಗೆ ಒಂದು ಹಗ್ಗ ಕಟ್ಟಿ, ಹಗ್ಗದ ತುದಿಗೆ ನಿಮ್ಮನ್ನೇ ಕಟ್ಟಿಕೊಂಡು, ಚಳಿಗೆ ಹೆಪ್ಪುಗಟ್ಟಿ ನಿಂತ ಜಲಪಾತವೊಂದರ ಅರ್ಧ ಎತ್ತರದಲ್ಲಿ ನೇತಾಡಿ ಅಂದರೆ ನೇತಾಡ್ತೀರಾ?

ನೇತಾಡುವವರು ಇದ್ದಾರೆ. ಆಲ್ಪ್ಸ್‌ನಲ್ಲಿ, ಸ್ಕಾಟ್ಲೆಂಡಿನಲ್ಲಿ, ಕೆನಡಾದಲ್ಲಿ, ಅಮೆರಿಕದ ಕೊಲರಾಡೊದಲ್ಲಿ, ಈಚೆಗೆ ನಮ್ಮ ಸ್ಪಿತಿ, ಲಡಾಖ್‌ಗಳಲ್ಲೂ. ಐಸ್ ಕ್ಲೈಂಬಿಂಗ್ ಅಂತ ಅದರ ಹೆಸರು. ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಮಂಜುಗಡ್ಡೆ ಅಂದರೆ ಸೋಡಾ ಅಂಗಡಿಯವರು ಮರದ ಹೊಟ್ಟಿನಲ್ಲಿ ಹೂತಿಟ್ಟಿರುತ್ತಿದ್ದ ಗಡ್ಡೆ, ಜಾತ್ರೆಯ ಐಸ್ ಕ್ಯಾಂಡಿ, ಅಷ್ಟೇ. ಆದರೆ ಎರಡು ವರ್ಷದ ಹಿಂದೆ ತಿಂಗಳು ರಜೆ ಹಾಕಿ ಗಢವಾಲದ ಕಡೆ ಪರ್ವತಾರೋಹಣದ ಕೋರ್ಸಿಗೆ ಹೋದೆ. ಅಲ್ಲಿ ಹಿಮನದಿಯ ಮೇಲೆ ಮೊದಲ ಸಲ ಐಸ್ ಸ್ಕ್ರೂ ಅನ್ನೋ ವಸ್ತು ಕೈಗೆ ಸಿಕ್ಕಿತು. ಒಂದು ಗೇಣು ಉದ್ದದ ಉಕ್ಕಿನ ಕೊಳವೆ, ಒಂದು ತುದಿಯಲ್ಲಿ ನಾಲ್ಕು ಹಲ್ಲು, ಮೈಮೇಲೆ ಥ್ರೆಡ್, ಇನ್ನೊಂದು ತುದಿಯಲ್ಲಿ ಹಗ್ಗದ ಕೊಂಡಿ ಸಿಕ್ಕಿಸಲು ಕಿವಿ. ಅದನ್ನು ನೋಡಿದ ಕೂಡಲೇ ನನ್ನ ತಲೆಗೆ ಬಂದದ್ದು ಒಂದೇ ಪ್ರಶ್ನೆ: ಇದು ಹಿಡಿಯುತ್ತಾ?

ಆಮೇಲೆ ಈ ವಸ್ತುವಿನ ಚರಿತ್ರೆ ಓದುತ್ತಾ ಹೋದಂತೆ ಗೊತ್ತಾಯಿತು, ಈ ಪ್ರಶ್ನೆಗೆ ಉತ್ತರ ಸಿಗಲು ಮನುಷ್ಯರಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿದಿದೆ. ರಕ್ಷಣೆಯ ಸಲಕರಣೆ ಹುಟ್ಟಿದ ದಿನ ಬೇರೆ, ಅದು ನಿಜಕ್ಕೂ ರಕ್ಷಿಸಲು ಶುರುಮಾಡಿದ ದಿನ ಬೇರೆ. ನಡುವಿನ ಆ ಕಾಲದ್ದೇ ನಿಜವಾದ ಕಥೆ.

ಮೊದಲಿಗೆ ಹಗ್ಗ ಇತ್ತು, ಹಗ್ಗ ಮಾತ್ರ ಇತ್ತು. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಎಂಬ ಇಂಗ್ಲಿಷಿನವನ ತಂಡ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲ ಸಲ ಏರಿತು. ಏಳು ಜನ. ಇಳಿಯುವಾಗ ಒಬ್ಬ ಹುಡುಗ ಜಾರಿದ. ಅವನು ಮುಂದಿದ್ದವನಿಗೆ ಬಡಿದ, ಇಬ್ಬರೂ ಸೇರಿ ಹಿಂದಿನ ಇಬ್ಬರನ್ನು ಎಳೆದರು. ನಾಲ್ಕನೆಯವನಿಗೂ ಐದನೆಯವನಿಗೂ ನಡುವೆ ಹಗ್ಗ ತುಂಡಾಯಿತು. ನಾಲ್ವರು ಸತ್ತರು, ಮೂವರು ಉಳಿದರು. ತುಂಡಾದ ಆ ಹಗ್ಗ ಇವತ್ತಿಗೂ ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಊರಿನ ಮ್ಯೂಸಿಯಮ್ಮಿನಲ್ಲಿದೆ. ಹಗ್ಗ ಯಾಕೆ ತುಂಡಾಯಿತು ಅಂತ ಆಗ ದೊಡ್ಡ ಚರ್ಚೆಯಾಯಿತು. ಎಂಜಿನಿಯರಿಂಗ್ ಓದಿದವನ ಕಣ್ಣಿಗೆ ಕಾಣುವುದು ಬೇರೆ ಪ್ರಶ್ನೆ. ಹಗ್ಗ ತುಂಡಾಗದೇ ಇದ್ದಿದ್ದರೆ? ಆ ಏಳು ಜನರನ್ನು ಹಗ್ಗ ಒಬ್ಬರಿಗೊಬ್ಬರನ್ನು ಕಟ್ಟಿತ್ತೇ ಹೊರತು ಬೆಟ್ಟಕ್ಕೆ ಕಟ್ಟಿರಲಿಲ್ಲ. ಬೆಟ್ಟಕ್ಕೆ ಕಟ್ಟದ ಹಗ್ಗ ಒಬ್ಬನ ಬೀಳುವಿಕೆಯನ್ನು ಎಲ್ಲರಿಗೂ ಹಂಚುತ್ತದೆ.

ಬೆಟ್ಟಕ್ಕೆ ಕಟ್ಟುವುದು ಹೇಗೆ? ಬಂಡೆಯಾದರೆ ಬಿರುಕಿರುತ್ತದೆ. 1910ರ ಆಸುಪಾಸಿಗೆ ಆಲ್ಪ್ಸ್‌ನ ಪೂರ್ವಭಾಗದಲ್ಲಿ ಬಿರುಕಿಗೆ ಹೊಡೆಯುವ ಕಿವಿಯುಳ್ಳ ಮೊಳೆ ಬಂತು, ಪಿಟಾನ್ ಅಂತ ಅದರ ಹೆಸರು. ಅಗ್ನಿಶಾಮಕ ದಳದವರು ಬಳಸುತ್ತಿದ್ದ ಬಾಯಿ ತೆರೆದು ಮುಚ್ಚುವ ಕೊಂಡಿಯನ್ನು ನೋಡಿ ಒಟ್ಟೊ ಹೆರ್ತ್ಸೋಗ್ ಎಂಬಾತ ಅದನ್ನು ಬೆಟ್ಟಕ್ಕೆ ತಂದ. ಹಗ್ಗವನ್ನು ಪಿಟಾನ್‌ಗೆ ಸಿಕ್ಕಿಸುವ ಕ್ಯಾರಾಬೈನರ್ ಆದದ್ದು ಹಾಗೆ. ಮುಂದೆ ಹತ್ತುವವನು ಅಲ್ಲಲ್ಲಿ ಒಂದೊಂದು ಮೊಳೆ ಹೊಡೆದು ಹಗ್ಗ ಸಿಕ್ಕಿಸಿಕೊಂಡು ಹೋಗುತ್ತಾನೆ, ಕೆಳಗಿನವನು ಹಗ್ಗದ ಇನ್ನೊಂದು ತುದಿ ಹಿಡಿದಿರುತ್ತಾನೆ. ಮೇಲಿನವನು ಬಿದ್ದರೆ ಕೊನೆಯ ಮೊಳೆ ಎಷ್ಟು ಕೆಳಗಿದೆಯೋ ಅದರ ಎರಡರಷ್ಟು ಬೀಳುತ್ತಾನೆ, ಆಮೇಲೆ ನಿಲ್ಲುತ್ತಾನೆ. ಮೊಳೆ ಹಿಡಿದರೆ.

ಮಂಜುಗಡ್ಡೆಯಲ್ಲಿ ಬಿರುಕಿಲ್ಲ. ಇದ್ದರೂ ಅದನ್ನು ನಂಬುವ ಹಾಗಿಲ್ಲ. ಹಾಗಾಗಿ ಮಂಜಿನ ಗೋಡೆ ಹತ್ತುವವರು ಬಹಳ ಕಾಲ ಕೊಡಲಿಯಿಂದ ಮೆಟ್ಟಿಲು ಕಡಿಯುತ್ತಾ ಹೋದರು. ಒಂದು ಗೋಡೆಗೆ ನೂರಾರು ಮೆಟ್ಟಿಲು. ಗಟ್ಟಿಯಾಗಿ ನಿಲ್ಲುವ ಕಾಲೇ ರಕ್ಷಣೆ. ಆ ಕಾಲನ್ನು ಗಟ್ಟಿ ಮಾಡಿದವನು ರೈಲ್ವೆ ಎಂಜಿನಿಯರ್ ಓಸ್ಕರ್ ಎಕೆನ್‌ಸ್ಟೈನ್. 1908ರಲ್ಲಿ ಅವನು ಬೂಟಿನ ಕೆಳಗೆ ಕಟ್ಟಿಕೊಳ್ಳುವ ಹತ್ತು ಮುಳ್ಳಿನ ಕಬ್ಬಿಣದ ಪಾದವನ್ನು, ಅಂದರೆ ಕ್ರ್ಯಾಂಪಾನನ್ನು, ಲೆಕ್ಕ ಹಾಕಿ ವಿನ್ಯಾಸ ಮಾಡಿದ. ಅದನ್ನು ತಯಾರಿಸಿದ್ದು ಇಟಲಿಯ ಕೂರ್ಮಾಯೂರ್ ಊರಿನ ಆನ್ರಿ ಗ್ರಿವೆಲ್ ಎಂಬ ಕಮ್ಮಾರ. ರೈತರ ಸಲಕರಣೆ ಮಾಡಿಕೊಂಡಿದ್ದ ಮನೆತನ ಅದು. ನಮ್ಮೂರಿನ ಕುಲುಮೆಯಲ್ಲಿ ಕುಡುಗೋಲು, ಗುದ್ದಲಿ ತಟ್ಟುತ್ತಿದ್ದವರ ಹಾಗೆ. ಅವನ ಮಗ ಲೊರಾನ್ 1929ರಲ್ಲಿ ಮುಂದಕ್ಕೆ ಚಾಚಿದ ಇನ್ನೆರಡು ಮುಳ್ಳು ಸೇರಿಸಿದ. ಇನ್ನು ಮೆಟ್ಟಿಲು ಕಡಿಯಬೇಕಿಲ್ಲ, ಬೂಟಿನ ತುದಿಯಿಂದ ಗೋಡೆಗೆ ಒದ್ದು ನಿಲ್ಲಬಹುದು. ಆದರೆ ಇದೆಲ್ಲ ಬೀಳದಂತೆ ಮಾಡುವ ಸಾಧನ. ಬಿದ್ದಾಗ ಹಿಡಿಯುವ ಸಾಧನ ಅಲ್ಲ.

ಮಂಜಿಗೆ ಹೊಡೆಯುವ ಮೊಳೆ ಮೊದಲ ಸಲ ಕೆಲಸಕ್ಕೆ ಬಂದದ್ದು 1924ರಲ್ಲಿ. ಆಸ್ಟ್ರಿಯಾದ ಗ್ರೋಸಸ್ ವೀಸ್‌ಬಾಖ್‌ಹಾರ್ನ್ ಶಿಖರದ ವಾಯವ್ಯ ಮುಖದಲ್ಲಿ ಹೊರಕ್ಕೆ ಉಬ್ಬಿ ನಿಂತ ಮಂಜಿನ ದಿಬ್ಬ ಒಂದಿತ್ತು, ಅಲ್ಲಿ ಮೆಟ್ಟಿಲು ಕಡಿದು ನಿಲ್ಲುವ ಹಾಗೇ ಇರಲಿಲ್ಲ. ಫ್ರಿಟ್ಜ್ ರೀಗೆಲೆ ಒಂದು ಉಪಾಯ ಹುಡುಕಿದ್ದ: ಬಂಡೆಯ ಪಿಟಾನ್‌ಗಿಂತ ಉದ್ದದ, ಅಂಚಿನಲ್ಲಿ ಕಚ್ಚುಗಳಿರುವ ಮೊಳೆ. ಜೊತೆಗಿದ್ದವನು ವಿಲ್ಲೋ ವೆಲ್ಜೆನ್‌ಬಾಖ್, ಮ್ಯೂನಿಕ್ ನಗರದ ಸಿವಿಲ್ ಎಂಜಿನಿಯರ್, ಮುಂದೆ ಹಿಮದ ಪದರಗಳ ಬಗ್ಗೆಯೇ ಡಾಕ್ಟರೇಟ್ ಪಡೆದವನು. ಇಬ್ಬರೂ ಆ ದಿಬ್ಬವನ್ನು ದಾಟಿದರು. ಆಲ್ಪ್ಸ್‌ನಲ್ಲಿ ಅದುವರೆಗೆ ಆಗದು ಅಂತ ಬಿಟ್ಟಿದ್ದ ಉತ್ತರದ ಮುಖಗಳ ಮೇಲೆ ಎಲ್ಲರ ಕಣ್ಣು ಬಿತ್ತು. ವೆಲ್ಜೆನ್‌ಬಾಖ್ ಹತ್ತು ವರ್ಷಗಳ ನಂತರ, 1934ರಲ್ಲಿ, ನಂಗಾ ಪರ್ಬತದಲ್ಲಿ ತೀರಿಕೊಂಡ.

ಆ ಮೊಳೆ ಹಿಡಿಯುತ್ತಿತ್ತಾ? ದೇಹದ ಭಾರ ಹಾಕಿ ನಿಧಾನವಾಗಿ ನೇತಾಡಿದರೆ ಹಿಡಿಯುತ್ತಿತ್ತು. ಬೀಳುವ ಮನುಷ್ಯನ ಜಗ್ಗಿಗೆ ಹಿಡಿಯುತ್ತದೆ ಅಂತ ಹತ್ತುವವರೇ ನಂಬಿರಲಿಲ್ಲ. ಮೊಳೆ ಹೊಡೆದಾಗ ಮಂಜು ಎಲ್ಲಿಗಾದರೂ ಸರಿಯಬೇಕು. ಅದು ಮಣ್ಣಿನ ಹಾಗೆ ಒತ್ತಿಕೊಳ್ಳುವುದಿಲ್ಲ, ಗಾಜಿನ ಹಾಗೆ ಸಿಡಿಯುತ್ತದೆ. ಸಿಡಿಯದೆ ಒಳಗೆ ಹೋದರೂ ಬಿಸಿಲು ಬಿದ್ದರೆ ಕಬ್ಬಿಣ ಕಾದು ಸುತ್ತಲಿನ ಮಂಜನ್ನು ಕರಗಿಸಿ ತನಗೆ ತಾನೇ ಸಡಿಲವಾಗುತ್ತದೆ. ಜೊತೆಗೆ ಆಗಿನ ಹಗ್ಗ ಸೆಣಬಿನ ಜಾತಿಯದ್ದು, ಹಿಗ್ಗುತ್ತಿರಲಿಲ್ಲ, ಜಗ್ಗೆಲ್ಲ ಮೊಳೆಗೇ ಬೀಳುತ್ತಿತ್ತು. ನೈಲಾನ್ ಹಗ್ಗ ಬಂದದ್ದು ಎರಡನೇ ಮಹಾಯುದ್ಧದ ಕಾಲಕ್ಕೆ. ಅದಕ್ಕೇ ಒಂದು ನಿಯಮ ಬಾಯಿಂದ ಬಾಯಿಗೆ ಬಂತು: ಮುಂದೆ ಹತ್ತುವವನು ಬೀಳಕೂಡದು. ಇದನ್ನು ಒಂದು ಕ್ಷಣ ಯೋಚಿಸಿ. ಬೀಳುವವನಿಗಾಗಿಯೇ ಮಾಡಿದ ಸಲಕರಣೆ, ಅದರ ಬಳಕೆಯ ಮೊದಲ ನಿಯಮ ಬೀಳಬೇಡ ಅನ್ನೋದು!

1938ರ ಜುಲೈನಲ್ಲಿ ಐಗರ್ ಶಿಖರದ ಉತ್ತರ ಮುಖವನ್ನು ಮೊದಲ ಸಲ ಏರಿದ ನಾಲ್ವರ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೆಕ್‌ಮೈರ್ ಮತ್ತು ಫೋರ್ಗ್ ಹತ್ತಿರ ಹನ್ನೆರಡು ಮುಳ್ಳಿನ ಹೊಸ ಕ್ರ್ಯಾಂಪಾನ್ ಇತ್ತು. ಕಾಸ್ಪರೆಕ್ ಹತ್ತಿರ ಹಳೆಯದು. ಹೈನ್ರಿಚ್ ಹಾರರ್ ಹತ್ತಿರ ಅದೂ ಇರಲಿಲ್ಲ, ಹಾಗಾಗಿ ಮಂಜಿನ ಮೈದಾನಗಳಲ್ಲಿ ಕಾಸ್ಪರೆಕ್ ಮೆಟ್ಟಿಲು ಕಡಿಯಬೇಕಾಯಿತು. ಒಂದು ದಿನ ತಡವಾಗಿ ಹೊರಟ ಹೆಕ್‌ಮೈರ್ ಜೋಡಿ ಅವರನ್ನು ಹಿಡಿಯಿತು, ನಾಲ್ವರೂ ಒಂದೇ ಹಗ್ಗಕ್ಕೆ ಬಂದರು. ಶಿಖರದ ಹತ್ತಿರ, ಕೊನೆಯ ಬಿರುಕುಗಳಲ್ಲಿ, ಹೆಕ್‌ಮೈರ್ ಜಾರಿ ಬಿದ್ದ. ಕೆಳಗಿದ್ದ ಫೋರ್ಗ್ ಅವನಿಗೆ ಕೈ ಅಡ್ಡ ಕೊಟ್ಟ, ಕ್ರ್ಯಾಂಪಾನಿನ ಮುಳ್ಳು ಅಂಗೈಯನ್ನು ತೂರಿ ಹೋಯಿತು. ಅಷ್ಟೆಲ್ಲ ಕಬ್ಬಿಣ ಹೊತ್ತು ತಂದವರನ್ನು ಆ ಹೊತ್ತಿಗೆ ಉಳಿಸಿದ್ದು ಒಬ್ಬ ಗೆಳೆಯನ ಅಂಗೈ.

ಹೆಸರಿಗೆ ಇರುವ ರಕ್ಷಣೆ ನನ್ನ ಕಸುಬಿನವರಿಗೆ ಹೊಸದಲ್ಲ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ಪ್ರತಿ ರಾತ್ರಿ ಎರಡು ಗಂಟೆಗೆ ಡೇಟಾಬೇಸಿನ ಬ್ಯಾಕಪ್ ಓಡುತ್ತಿತ್ತು. ಬೆಳಗ್ಗೆ ಎಲ್ಲರ ಮೇಲ್ ಬಾಕ್ಸಿಗೆ ಹಸಿರು ಟಿಕ್ ಮಾರ್ಕಿನ ಸಂದೇಶ ಬರುತ್ತಿತ್ತು. ಒಂದು ದಿನ ಡಿಸ್ಕ್ ಕೈಕೊಟ್ಟಿತು. ಬ್ಯಾಕಪ್ ತೆರೆದರೆ ಫೈಲುಗಳಿದ್ದವು, ಫೈಲಿನೊಳಗೆ ಏನೂ ಇರಲಿಲ್ಲ. ತಿಂಗಳುಗಟ್ಟಲೆ ಹಸಿರು ಟಿಕ್ ಬಂದಿತ್ತು. ಬ್ಯಾಕಪ್ ಓಡಿತಾ ಅಂತ ದಿನಾ ಕೇಳುತ್ತಿದ್ದ ವ್ಯವಸ್ಥೆ, ಅದರಿಂದ ಡೇಟಾ ವಾಪಸ್ ಬರುತ್ತಾ ಅಂತ ಒಂದು ದಿನವೂ ಕೇಳಿರಲಿಲ್ಲ. ನಮ್ಮಲ್ಲಿ ಹೋದದ್ದು ಮೂರು ವಾರದ ಆರ್ಡರುಗಳು. ಬೆಟ್ಟದಲ್ಲಿ ಹೋಗುವುದು ಜೀವ.

ಮಂಜಿನ ಮೊಳೆಗೆ ಥ್ರೆಡ್ ಬಂದದ್ದು 1960ರ ದಶಕದಲ್ಲಿ. ಮೊದಲು ಬಂದವು ಬಾಟಲಿಯ ಬಿರಡೆ ಕೀಳುವ ಸುರುಳಿಯಂಥ ತೆಳ್ಳನೆಯ ತಿರುಪುಗಳು. ಮಾರ್ವಾ ಅನ್ನೋ ಹೆಸರಿನದ್ದು ಎಷ್ಟು ತೆಳ್ಳಗಿತ್ತೆಂದರೆ ಅಮೆರಿಕದವರು ಅದನ್ನು ಕೋಟ್ ಹ್ಯಾಂಗರ್ ಅಂತ ತಮಾಷೆ ಮಾಡುತ್ತಿದ್ದರು. ಬಟ್ಟೆ ನೇತು ಹಾಕಲು ಸರಿ, ಮನುಷ್ಯನಿಗಲ್ಲ ಅನ್ನೋ ಅರ್ಥದಲ್ಲಿ. ಅದೇ ದಶಕದಲ್ಲಿ ಬಂತು ನಿಜವಾದ ಬದಲಾವಣೆ: ಟೊಳ್ಳು ಕೊಳವೆಯ ಸ್ಕ್ರೂ.

ಟೊಳ್ಳು ಯಾಕೆ ಮುಖ್ಯ? ಅಕ್ಕಿ ಮಂಡಿಯಲ್ಲಿ ಚೀಲಕ್ಕೆ ಒಂದು ಕೊಳವೆ ಚುಚ್ಚಿ ಒಂದು ಹಿಡಿ ಅಕ್ಕಿ ತೆಗೆದು ನೋಡುವುದನ್ನು ಕಂಡಿದ್ದೀರಲ್ಲ, ಚೀಲ ಹರಿಯುವುದಿಲ್ಲ, ಅಕ್ಕಿ ಕೊಳವೆಯೊಳಕ್ಕೆ ಬರುತ್ತದೆ. ಇದೂ ಹಾಗೇ. ತುದಿಯ ಹಲ್ಲುಗಳು ಮಂಜನ್ನು ದುಂಡಗೆ ಕೊರೆಯುತ್ತವೆ, ನಡುವಿನ ಮಂಜು ಕಡ್ಡಿಯಾಗಿ ಕೊಳವೆಯೊಳಗೆ ಸರಿದು ಹಿಂದಿನಿಂದ ಹೊರಬರುತ್ತದೆ. ಸರಿಯಲು ಜಾಗ ಸಿಕ್ಕಿದ್ದರಿಂದ ಅದು ಸಿಡಿಯುವ ಕಾರಣವೇ ಇಲ್ಲ. ನಲವತ್ತು ವರ್ಷ ಎಲ್ಲರೂ ಮಂಜಿನೊಳಗೆ ಹೆಚ್ಚು ಕಬ್ಬಿಣ ತುರುಕಲು ನೋಡಿದ್ದರು. ಉತ್ತರ ಇದ್ದದ್ದು ಕಬ್ಬಿಣದ ನಡುವೆ ಮಂಜಿಗೆ ದಾರಿ ಬಿಡುವುದರಲ್ಲಿ.

ಇಷ್ಟಾದರೂ ತೊಂದರೆ ಮುಗಿಯಲಿಲ್ಲ, ಇನ್ನೊಂದು ಕಡೆಯಿಂದ ಹೆಚ್ಚಾಯಿತು. 1966ರಲ್ಲಿ ಇವಾನ್ ಶುನಾರ್ಡ್ ಎಂಬ ಕ್ಯಾಲಿಫೋರ್ನಿಯಾದ ಕಮ್ಮಾರ ಆಲ್ಪ್ಸ್‌ಗೆ ಬಂದು, ಮಂಜುಗೊಡಲಿಯ ಮೂತಿ ನೇರವಾಗಿರುವ ಬದಲು ಬೀಸುವ ತೋಳಿನ ಬಳುಕಿಗೆ ಸರಿಯಾಗಿ ಬಾಗಿದ್ದರೆ ಅದು ಮಂಜನ್ನು ಕಚ್ಚಿಕೊಳ್ಳುತ್ತದೆ ಅಂತ ಕಂಡುಕೊಂಡ. ಶಾಮೊನಿ ಕಡೆಯ ಚಾರ್ಲೆ ಕಾರ್ಖಾನೆಯವರಿಂದ ಹಾಗೆ ಬಾಗಿದ 55 ಸೆಂಟಿಮೀಟರಿನ ಗಿಡ್ಡ ಕೊಡಲಿ ಮಾಡಿಸಿದ. ಈಗ ಬೆಂಗಳೂರಿನ ಟೆಕ್ಕಿಗಳು ತೊಡುವ ಪ್ಯಾಟಗೋನಿಯಾ ಜಾಕೆಟ್ಟಿನ ಕಂಪನಿ ಕಟ್ಟಿದವನು ಇವನೇ. ಎರಡು ಕೈಗೆ ಎರಡು ಬಾಗಿದ ಕೊಡಲಿ, ಕಾಲಿಗೆ ಮುಂದೆ ಚಾಚಿದ ಮುಳ್ಳು. ಇನ್ನು ಗೋಡೆ ಎಷ್ಟು ಕಡಿದಾಗಿದ್ದರೂ ಹತ್ತಬಹುದು. 1974ರಲ್ಲಿ ಜೆಫ್ ಲೋ ಮತ್ತು ಮೈಕ್ ವೈಸ್ ಕೊಲರಾಡೊದ ಟೆಲ್ಯುರೈಡ್ ಹತ್ತಿರದ ಬ್ರೈಡಲ್ ವೇಲ್ ಜಲಪಾತವನ್ನು, ಅದು ಹೆಪ್ಪುಗಟ್ಟಿ ನಿಂತಿದ್ದಾಗ, ಕೆಳಗಿಂದ ಮೇಲಕ್ಕೆ ಹತ್ತಿದರು.

ಹತ್ತುವ ಸಾಧನ ಓಡುತ್ತಿತ್ತು, ಹಿಡಿಯುವ ಸಾಧನ ಹಿಂದೆ ಉಳಿಯಿತು. ಲಂಬವಾದ ಮಂಜಿನ ಮೇಲೆ ಒಂದು ಕೈಯಲ್ಲಿ ಕೊಡಲಿ ಹಿಡಿದು ನೇತಾಡುತ್ತಾ ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸಬೇಕು. ಆಗಿನ ಸ್ಕ್ರೂಗಳು ಮೊಂಡು. ಶುರುವಿಗೆ ಸುತ್ತಿಗೆಯಿಂದ ತಟ್ಟಿ ಕೂರಿಸಿ, ಆಮೇಲೆ ಕಿವಿಯೊಳಗೆ ಕೊಡಲಿಯ ಮೂತಿ ತೂರಿಸಿ ಸನ್ನೆಗೋಲಿನಂತೆ ತಿರುವಬೇಕಿತ್ತು. ನಿಮಿಷಗಳು ಹೋಗುತ್ತಿದ್ದವು. ತೋಳು ಸೋಲುವುದೂ ಆ ನಿಮಿಷಗಳಲ್ಲೇ. ಅಂದರೆ ಬೀಳದಂತೆ ಕಾಯಬೇಕಾದ ಸ್ಕ್ರೂ ಹಾಕಲು ಹೋಗಿಯೇ ಬೀಳುವ ಪರಿಸ್ಥಿತಿ. ಹಾಗಾಗಿ ಎಷ್ಟೋ ಜನ ಹಾಕದೆಯೇ ಮುಂದೆ ಹೋಗುತ್ತಿದ್ದರು. ಜೆಫ್ ಲೋ ಇದಕ್ಕೆ ಸ್ನಾರ್ಗ್ ಅನ್ನೋ ಕೊಳವೆ ಮಾಡಿದ: ಸುತ್ತಿಗೆಯಿಂದ ಹೊಡೆದು ಒಳಗೆ, ತಿರುಗಿಸಿ ಹೊರಗೆ. ಮುಂದೆ ಕಂಪನಿಗಳು ಹಲ್ಲುಗಳನ್ನು ಹರಿತ ಮಾಡಿದವು, ಕೊಳವೆಯ ಒಳಮೈಯನ್ನು ನುಣುಪು ಮಾಡಿದವು, ಕಿವಿಗೆ ಮಡಚುವ ಹ್ಯಾಂಡಲ್ ಕೊಟ್ಟವು. ನೋಡೋಕೆ ಸಣ್ಣ ಹ್ಯಾಂಡಲ್. ಆದರೆ ಈಗ ಒಂದೇ ಕೈಯಲ್ಲಿ, ಒಂದು ನಿಮಿಷದೊಳಗೆ ಸ್ಕ್ರೂ ಒಳಗಿರುತ್ತದೆ. ನನ್ನ ಲೆಕ್ಕದಲ್ಲಿ ಈ ಚರಿತ್ರೆಯ ದೊಡ್ಡ ಆವಿಷ್ಕಾರಗಳಲ್ಲಿ ಆ ಹ್ಯಾಂಡಲ್ಲೂ ಒಂದು. ಎಷ್ಟೇ ಗಟ್ಟಿ ಸ್ಕ್ರೂ ಆದರೂ ಸೊಂಟದ ಬೆಲ್ಟಿನಲ್ಲೇ ಉಳಿದರೆ ಏನೂ ಹಿಡಿಯುವುದಿಲ್ಲ.

ಇನ್ನು ಉಳಿದದ್ದು ಮೊದಲಿನ ಪ್ರಶ್ನೆಯೇ. ಯುರೋಪಿನ ಮಾನದಂಡದ ಪ್ರಕಾರ ಒಂದು ಐಸ್ ಸ್ಕ್ರೂ ಕನಿಷ್ಠ 10 ಕಿಲೋನ್ಯೂಟನ್ ಎಳೆತ ತಡೆಯಬೇಕು, ಅಂದರೆ ಸುಮಾರು ಒಂದು ಟನ್ ಭಾರ. ಆದರೆ ಸ್ಕ್ರೂ ಗಟ್ಟಿ ಇದ್ದರೆ ಸಾಕೆ? ಅದನ್ನು ಹಿಡಿದ ಮಂಜಿಗೆ ಮಾನದಂಡದ ಮುದ್ರೆ ಒತ್ತುವವರು ಯಾರು? ಇಲ್ಲಿ ಬರುತ್ತದೆ ನನಗೆ ತುಂಬ ಇಷ್ಟವಾದ ಭಾಗ. ಅದಕ್ಕೆ ಮೊದಲು ನಮ್ಮ ಕೊಟ್ಟಿಗೆಯ ಗೂಟದ ವಿಷಯ ಹೇಳಬೇಕು.

ದನ ಕಟ್ಟುವ ಗೂಟವನ್ನು ನೆಟ್ಟಗೆ ಹೊಡೆಯುವುದಿಲ್ಲ. ಹಸು ಎಳೆಯುವ ದಿಕ್ಕಿಗೆ ಎದುರಾಗಿ ಅದರ ತಲೆ ವಾಲಿರಬೇಕು. ಚಿಕ್ಕವನಿದ್ದಾಗಲೇ ಅಪ್ಪ ಹೇಳಿಕೊಟ್ಟಿದ್ದು ಇದು: "ಹಸ ಎಳೆಯೋ ಕಡೀಕೇ ತಲೆ ಬಗ್ಸಿದ್ರೆ ಒಂದೇ ಜಗ್ಗಿಗೆ ಕಿತ್ಕೊಂಡು ಹೋಗುತ್ತೆ." ಟೆಂಟಿನ ಗೂಟಕ್ಕೂ ಇದೇ ನಿಯಮ. ಐಸ್ ಸ್ಕ್ರೂಗೂ ಇದೇ ನಿಯಮ ಅಂತ ಹತ್ತುವವರು ದಶಕಗಟ್ಟಲೆ ನಂಬಿದ್ದರು. ಗೋಡೆಯ ಮೇಲೆ ಎಳೆತ ಕೆಳಮುಖ, ಹಾಗಾಗಿ ಸ್ಕ್ರೂವಿನ ಹೊರತುದಿ ಮೇಲಕ್ಕೆ, ಒಳತುದಿ ಕೆಳಕ್ಕೆ ಇರುವಂತೆ ಹಾಕಬೇಕು. ಪುಸ್ತಕಗಳಲ್ಲೂ ಹಾಗೇ ಇತ್ತು, ಗುರುಗಳೂ ಹಾಗೇ ಕಲಿಸುತ್ತಿದ್ದರು. ನೋಡಿದರೆ ಸರಿ ಅನ್ನಿಸುವಂಥದ್ದೇ.

1990ರ ದಶಕದಲ್ಲಿ ಕೆಲವರು ಸ್ಕ್ರೂಗಳನ್ನು ನಿಜವಾದ ಮಂಜಿಗೆ ಹಾಕಿ, ಕಿತ್ತುಬರುವ ತನಕ ಎಳೆದು, ಅಳೆದು ನೋಡಲು ಶುರುಮಾಡಿದರು. ಅವರಲ್ಲಿ ಒಬ್ಬ ಅಮೆರಿಕದ ಬ್ಲ್ಯಾಕ್ ಡೈಮಂಡ್ ಕಂಪನಿಯ ಕ್ರಿಸ್ ಹಾರ್ಮ್‌ಸ್ಟನ್. ಅವನ ಕೆಲಸ ಗುಣಮಟ್ಟದ ಪರೀಕ್ಷೆ, ನಮ್ಮ ಭಾಷೆಯಲ್ಲಿ ಕ್ಯೂಎ. ಎಲ್ಲ ಆಫೀಸುಗಳಲ್ಲೂ ಕೊನೆಯ ಸಾಲಿನಲ್ಲಿ ಕೂತು, ಡೆವಲಪರುಗಳ ಬೈಗುಳ ತಿನ್ನುವ ಹುದ್ದೆ! ಪರೀಕ್ಷೆಯಲ್ಲಿ ಬಂದ ಉತ್ತರ ಉಲ್ಟಾ ಇತ್ತು. ಗಟ್ಟಿಯಾದ ಒಳ್ಳೆಯ ಮಂಜಿನಲ್ಲಿ, ಹೊರತುದಿ ಸ್ವಲ್ಪ ಕೆಳಕ್ಕೆ ವಾಲಿದ ಸ್ಕ್ರೂ, ಅಂದರೆ ಎಳೆತದ ದಿಕ್ಕಿಗೇ ಬಾಗಿದ ಸ್ಕ್ರೂ, ಗೂಟದ ನಿಯಮದಂತೆ ಹಾಕಿದ್ದಕ್ಕಿಂತ ಹೆಚ್ಚು ಹಿಡಿಯುತ್ತಿತ್ತು.

ಕಾರಣ ಹೇಳಿದ ಮೇಲೆ ಸರಳ. ಹೊರತುದಿ ಮೇಲಕ್ಕಿದ್ದಾಗ ಕೊಳವೆಯ ಕೆಳಗೆ, ಗೋಡೆಯ ಮೈಹತ್ತಿರ ಉಳಿಯುವುದು ತೆಳ್ಳನೆಯ ಮಂಜಿನ ತುಟಿ. ಜಗ್ಗಿದಾಗ ಮೊದಲು ಪುಡಿಯಾಗುವುದು ಅದೇ. ಅದು ಹೋದರೆ ಕೊಳವೆ ಸನ್ನೆಗೋಲಾಗುತ್ತದೆ, ಬಾಗುತ್ತದೆ, ಇನ್ನಷ್ಟು ಮಂಜನ್ನು ಒಡೆಯುತ್ತದೆ. ಥ್ರೆಡ್ಡಿಗೆ ಕೆಲಸವೇ ಸಿಗುವುದಿಲ್ಲ. ಹೊರತುದಿ ಕೆಳಕ್ಕಿದ್ದರೆ ಎಳೆತದ ಒಂದು ಪಾಲು ಕೊಳವೆಯ ಉದ್ದಕ್ಕೂ ಒಳಗೆ ಹೋಗಿ ಥ್ರೆಡ್ಡಿನ ಮೇಲೆ, ಆಳದ ಮಂಜಿನ ಮೇಲೆ ಬೀಳುತ್ತದೆ. ಇದಕ್ಕೂ ಷರತ್ತಿದೆ. ಟೊಳ್ಳಾದ, ಕೊಳೆತ ಮಂಜಿನಲ್ಲಿ, ಬಿಸಿಲಿಗೆ ಕರಗುತ್ತಿರುವ ಮಂಜಿನಲ್ಲಿ ಥ್ರೆಡ್ಡಿಗೆ ಹಿಡಿಯಲು ಏನೂ ಇರುವುದಿಲ್ಲ, ಅಲ್ಲಿ ಈ ವಾಲಿಕೆ ಅಪಾಯ.

ಕೋರ್ಸ್ ಮುಗಿಸಿ ಊರಿಗೆ ಹೋದಾಗ ಅಪ್ಪನಿಗೆ ಇದನ್ನು ಹೇಳಿದೆ. ಗೂಟದ ಪಾಠ ಅಲ್ಲಿ ನಡೆಯಲ್ಲ ಅಂದಾಗ ಬೇಜಾರಾಗಬಹುದು ಅಂದುಕೊಂಡಿದ್ದೆ. ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ಗೂಟಕ್ಕೆ ಥ್ರೆಡ್ ಇಲ್ವಲ್ಲಪ್ಪ. ಅದು ವಾಲಿಕೇಲೇ ಹಿಡೀಬೇಕು. ನಿಂದು ಬೋಲ್ಟು, ಬೋಲ್ಟಿನ ಲೆಕ್ಕವೇ ಬೇರೆ" ಅಂದರು. ಪಂಪ್‌ಸೆಟ್ಟಿನ ಪೈಪಿಗೆ ಜೀವನವಿಡೀ ಥ್ರೆಡ್ ಹಾಕಿಸಿದ ಮನುಷ್ಯ. ದಶಕಗಳ ನಂಬಿಕೆ ಒಂದು ಮಾತಿನಲ್ಲಿ ಬಿಚ್ಚಿಕೊಂಡಿತು: ಆಕಾರ ಬದಲಾಗಿತ್ತು, ಜನ ಹಳೆಯ ಆಕಾರದ ನಿಯಮವನ್ನೇ ಹಿಡಿದುಕೊಂಡಿದ್ದರು. ಅಮ್ಮನಿಗೆ ವಾಲಿಕೆಯ ಗೊಡವೆ ಬೇಕಿರಲಿಲ್ಲ. "ನೀನು ಅದಕ್ಕೆ ನೇತಾಕ್ಕೊಂಡಿದ್ಯಾ?" ಅಂತ ಒಂದೇ ಸಲ ಕೇಳಿ ಒಳಗೆ ಹೋದರು.

ನೇತಾಕಿಕೊಂಡಿದ್ದೆ. ಆದರೆ ನನ್ನನ್ನು ಹೆಚ್ಚು ಹೆದರಿಸಿದ್ದು ಸ್ಕ್ರೂ ಅಲ್ಲ, ಸ್ಕ್ರೂ ತೆಗೆದ ಮೇಲೆ ಉಳಿಯುವ ತೂತು.

ಮೇಲೆ ಹತ್ತಿದವರು ಇಳಿಯಬೇಕಲ್ಲ. ಇಳಿಯುವಾಗ ಹಗ್ಗ ಕಟ್ಟಿದ ಸ್ಕ್ರೂವನ್ನು ಅಲ್ಲೇ ಬಿಟ್ಟು ಬರಬೇಕು, ಪ್ರತಿ ಹಂತಕ್ಕೂ ಒಂದೊಂದು. ಇದಕ್ಕೆ ಪರಿಹಾರ ಕೊಟ್ಟವನು ಸೋವಿಯತ್ ಒಕ್ಕೂಟದ ವಿಟಾಲಿ ಅಬಲಾಕೋವ್, ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನವನು, ಅವನೂ ಎಂಜಿನಿಯರ್. 1936ರಲ್ಲಿ ಖಾನ್ ತೆಂಗ್ರಿ ಶಿಖರದಿಂದ ಇಳಿಯುವಾಗ ಚಳಿಗೆ ಸಿಕ್ಕಿ ಕೈಬೆರಳುಗಳ ತುದಿಗಳನ್ನೂ ಪಾದದ ಒಂದು ಭಾಗವನ್ನೂ ಕಳೆದುಕೊಂಡ. 1938ರಲ್ಲಿ ಸ್ಟಾಲಿನ್ನನ ಪೊಲೀಸರು ಅವನನ್ನು ಹಿಡಿದರು. ಆರೋಪಗಳಲ್ಲಿ ಒಂದು, ಪಶ್ಚಿಮ ದೇಶಗಳ ಬೆಟ್ಟ ಹತ್ತುವ ವಿಧಾನಗಳನ್ನು ಹೊಗಳಿದ ಅನ್ನೋದು. 1940ರಲ್ಲಿ ಬಿಡುಗಡೆಯಾಯಿತು. ಮೊಂಡು ಬೆರಳುಗಳಲ್ಲೇ ಮತ್ತೆ ಹತ್ತಿದ. 1956ರಲ್ಲಿ 7,439 ಮೀಟರ್ ಎತ್ತರದ ಪೊಬೆಡಾ ಶಿಖರವನ್ನು ಮೊದಲ ಸಲ ಏರಿದ ತಂಡದ ನಾಯಕ ಅವನೇ.

ಅವನ ಹೆಸರಿನಲ್ಲಿ ಉಳಿದಿರುವ ವಿಧಾನ ಹೀಗಿದೆ. ಉದ್ದನೆಯ ಸ್ಕ್ರೂ ಒಂದನ್ನು ಮಂಜಿಗೆ ಓರೆಯಾಗಿ ಕೊರೆದು ತೆಗೆಯಿರಿ. ಒಂದು ಗೇಣು ದೂರದಿಂದ ಇನ್ನೊಂದು ತೂತನ್ನು ಮೊದಲನೆಯದರ ಕಡೆಗೆ ಓರೆಯಾಗಿ ಕೊರೆಯಿರಿ. ಎರಡೂ ಆಳದಲ್ಲಿ ಕೂಡಬೇಕು. ಈಗ ಒಂದು ತೂತಿನಿಂದ ದಾರ ಬಿಟ್ಟು ಇನ್ನೊಂದರಿಂದ ಕೊಕ್ಕೆ ಹಾಕಿ ಎಳೆಯಿರಿ, ಪೈಜಾಮಕ್ಕೆ ಪಿನ್ನಿನಿಂದ ಲಾಡಿ ಹಾಕಿದ ಹಾಗೆ. ದಾರದ ಎರಡು ತುದಿ ಸೇರಿಸಿ ಗಂಟು ಹಾಕಿ, ಅದಕ್ಕೆ ಹಗ್ಗ ತೂರಿಸಿ ಇಳಿಯಿರಿ. ಮೇಲೆ ಉಳಿಯುವುದು ಒಂದು ಮೊಳ ದಾರ ಮಾತ್ರ. ಕಬ್ಬಿಣ ಇಲ್ಲ, ಮೊಳೆ ಇಲ್ಲ, ಹಲ್ಲು ಇಲ್ಲ. ಈಗಿನ ಕೆಲವರು ಆ ದಾರವನ್ನೂ ಬಿಡುವುದಿಲ್ಲ, ಹಗ್ಗವನ್ನೇ ನೇರ ತೂತಿಗೆ ತೂರಿಸಿ ಇಳಿದು ಎಳೆದುಕೊಳ್ಳುತ್ತಾರೆ.

ನಮ್ಮ ಕೋರ್ಸಿನ ಉಸ್ತಾದರು ಗಢವಾಲಿ, ಮಾತು ಕಡಿಮೆ. ಪ್ರತಿಯೊಬ್ಬರಿಂದ ಎರಡೆರಡು ತೂತು ಕೊರೆಸಿ, ದಾರ ಕಟ್ಟಿಸಿ, ಬೇರೊಂದು ಗಟ್ಟಿ ಸ್ಕ್ರೂಗೆ ಸಡಿಲವಾಗಿ ಇನ್ನೊಂದು ಹಗ್ಗ ಕಟ್ಟಿ, "ಈಗ ನಿನ್ನದಕ್ಕೆ ನೀನೇ ಕೂತುಕೋ" ಅಂದರು. ಸರದಿಯಲ್ಲಿ ನಿಂತಾಗ ಮನಸ್ಸು ಕಬ್ಬಿಣವನ್ನೇ ಹುಡುಕುತ್ತಿತ್ತು. ಅಲ್ಲಿ ಇದ್ದದ್ದು ನೀರಿನೊಳಗೆ ಎರಡು ತೂತು, ಏಳು ಮಿಲಿಮೀಟರಿನ ಒಂದು ದಾರ. ಹಿಂದೆ ವಾಲಿ ಕೂತೆ. ಸಣ್ಣಗೆ ಕಿರ್ ಅಂದಿತು, ದಾರ ಮಂಜಿನ ಅಂಚಿಗೆ ಬಿಗಿಯಿತು, ಅಷ್ಟೇ. ಉಸ್ತಾದರು ಕೆಳಗಿನಿಂದ, ಜಿಗಿ ಅಂದರು. ಜಿಗಿದೆ. ಇನ್ನೊಮ್ಮೆ ಅಂದರು. ಮೂರನೇ ಸಲ ಅವರೇ ಬಂದು ನನ್ನ ಜೊತೆ ಅದೇ ದಾರಕ್ಕೆ ಭಾರ ಹಾಕಿ ನಿಂತರು. ಹಿಮನದಿಯ ಮೇಲೆ ಅವತ್ತು ನಾವು ಇಪ್ಪತ್ತೈದು ಜನ ಮಾಡಿದ್ದು ಇಷ್ಟೇ: ಕಟ್ಟುವುದು, ಜಗ್ಗುವುದು, ನೋಡುವುದು. ಇಬ್ಬರ ಮಂಜು ಒಡೆಯಿತು, ಸಡಿಲ ಹಗ್ಗ ಅವರನ್ನು ಹಿಡಿಯಿತು. ಯಾರೂ ಅವರನ್ನು ಬೈಯಲಿಲ್ಲ. ಒಡೆದ ಜಾಗಕ್ಕೆ ಎಲ್ಲರನ್ನೂ ಕರೆದು, ಒಳಗೆ ಗುಳ್ಳೆ ತುಂಬಿದ ಬಿಳಿ ಮಂಜನ್ನೂ, ಪಕ್ಕದ ನೀಲಿ ಗಟ್ಟಿ ಮಂಜನ್ನೂ ಕೈಯಿಂದ ಮುಟ್ಟಿಸಿದರು.

ಮರುದಿನ ಬೆಳಗ್ಗೆ ಅದೇ ಗೋಡೆಯ ಹತ್ತಿರ ಹೋದಾಗ ನನ್ನ ದಾರ ಅಲ್ಲೇ ಇತ್ತು. ರಾತ್ರಿ ತೂತುಗಳಿಗೆ ಇಳಿದ ನೀರು ಹೆಪ್ಪುಗಟ್ಟಿ, ಎಲ್ಲಿ ಮಂಜು ಮುಗಿಯುತ್ತದೆ ಎಲ್ಲಿ ದಾರ ಶುರುವಾಗುತ್ತದೆ ಅನ್ನೋದೇ ತಿಳಿಯುತ್ತಿರಲಿಲ್ಲ. ಸಾಲು ಮುಂದೆ ಹೋಗುತ್ತಿತ್ತು. ಕೈಗವಸು ಬಿಚ್ಚದೆ ಒಂದು ಸಲ ಜಗ್ಗಿ ನೋಡಿದೆ. ಹಿಡಿದಿತ್ತು.